ಸಾವಿರ ಸಾಲಿಗೆ ಒಂದೇ ಆದೇಶ: ಪಟ್ಟಿ ತಿದ್ದುವ ಕೆಲಸ ಗಣಕಕ್ಕೆ ಒಪ್ಪಿಸುವ ಬಗೆ

1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮಣಿಪಾಲವನ್ನು ಕೇಂದ್ರವಾಗಿಸಿಕೊಂಡು ದೇಶದುದ್ದಕ್ಕೂ ಹರಡಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರುಫಲಕಗಳು ಬದಲಾದರೂ ಆ ಬ್ಯಾಂಕಿನ ಒಂದು ಗುರುತು ಮಾತ್ರ ಇನ್ನೂ ಹದಿನೈದು ತಿಂಗಳು ಉಳಿದಿತ್ತು. ಅದು ‘ಎಸ್‌ವೈಎನ್‌ಬಿ’ ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುವ ಐಎಫ್‌ಎಸ್‌ಸಿ ಸಂಕೇತ. 2021ರ ಜುಲೈ 1ರಿಂದ ಅದೂ ನಿಷ್ಕ್ರಿಯವಾಯಿತು. ಹಳೆಯ ಸಂಕೇತ ನಮೂದಿಸಿ ಕಳುಹಿಸಿದ ಹಣ ಆ ದಿನದ ನಂತರ ಮುಂದೆ ಸಾಗುವಂತಿರಲಿಲ್ಲ.

ಖಾತೆದಾರರಿಗೆ ಇದು ಒಂದು ಚೆಕ್ ಪುಸ್ತಕ ಬದಲಾಯಿಸುವಷ್ಟು ಕೆಲಸ. ಆದರೆ ಪ್ರತಿ ತಿಂಗಳೂ ನೂರಾರು, ಸಾವಿರಾರು ಜನರ ಖಾತೆಗೆ ಹಣ ತುಂಬುವ ಕಚೇರಿಗಳ ಸ್ಥಿತಿಯೇ ಬೇರೆ. ಸಂಬಳದ ಪಟ್ಟಿ, ವಿದ್ಯಾರ್ಥಿವೇತನದ ಪಟ್ಟಿ, ಗುತ್ತಿಗೆ ಕಾರ್ಮಿಕರ ಪಟ್ಟಿ, ಹಾಲು ಹಾಕುವವರ ಪಾವತಿ ಪಟ್ಟಿ ಮುಂತಾದವೆಲ್ಲ ಸಾಮಾನ್ಯವಾಗಿ ಎಕ್ಸೆಲ್ ಕಡತಗಳಲ್ಲಿಯೇ ಇರುತ್ತವೆ. ಒಂದೊಂದು ಸಾಲಿನಲ್ಲೂ ಒಬ್ಬೊಬ್ಬರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ. ಇಂತಹ ಪಟ್ಟಿಗಳಲ್ಲಿ ಚದುರಿ ಕುಳಿತ ಹಳೆಯ ಸಂಕೇತಗಳನ್ನು ಹುಡುಕಿ ಹೊಸದನ್ನು ಬರೆಯಬೇಕು. ಜತೆಗೆ ಪಕ್ಕದ ಕಾಲಂನ ಒಂದು ಅಂಕಿಯೂ ಕದಲಬಾರದು. ಏಕೆಂದರೆ ಎನ್‌ಇಎಫ್‌ಟಿ ವ್ಯವಸ್ಥೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಪಟ್ಟಿಯಲ್ಲಿ ಹೆಸರು ಸರಿಯಿದ್ದು ಸಂಖ್ಯೆ ತಪ್ಪಿದರೆ ಒಬ್ಬರ ದುಡಿಮೆಯ ಹಣ ಮತ್ತೊಬ್ಬರ ಖಾತೆ ಸೇರುವ ಅಪಾಯವಿದೆ.

ಇಂತಹ ಕೆಲಸವನ್ನು ಕೈಯಿಂದ ಮಾಡುವ ಬದಲು ಕೆಲವೇ ಸಾಲುಗಳ ಆದೇಶ ಬರೆದು ಗಣಕದಿಂದ ಮಾಡಿಸುವ ವಿಧಾನ ಅರ್ಧ ಶತಮಾನದಿಂದ ಬಳಕೆಯಲ್ಲಿದೆ. ಅದಕ್ಕೆ ಬೇಕಾದ ಸಾಧನಗಳು ಬಹುತೇಕ ಉಚಿತ. ಆದರೂ ಕಚೇರಿಗಳಲ್ಲಿ ಅದರ ಪರಿಚಯ ಇರುವವರು ಕಡಿಮೆ. ಈ ವಿಧಾನದಿಂದ ಸಮಯ ಉಳಿಯುತ್ತದೆ ಎಂಬುದು ನಿಜವಾದರೂ ಅದು ಎರಡನೆಯ ಲಾಭ. ಮೊದಲನೆಯದು, ಏನು ಬದಲಾಯಿತು, ಎಷ್ಟು ಬದಲಾಯಿತು ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ ಎಂಬುದು.

ಕಡತದ ಒಳಗೇನಿದೆ?

ಎಕ್ಸೆಲ್ ಇಂದು ಸಾಮಾನ್ಯವಾಗಿ ಉಳಿಸುವ ‘ಎಕ್ಸ್‌ಎಲ್‌ಎಸ್‌ಎಕ್ಸ್’ ಕಡತ ಮೇಲ್ನೋಟಕ್ಕೆ ಒಂದೇ ಕಡತದಂತೆ ಕಂಡರೂ ವಾಸ್ತವದಲ್ಲಿ ಅದು ಹಲವು ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು. ಅಂಕಿಗಳು ಒಂದೆಡೆ, ಬಣ್ಣ ಮತ್ತು ಅಂಚುಗಳ ವಿವರ ಮತ್ತೊಂದೆಡೆ, ಪದಗಳು ಇನ್ನೊಂದೆಡೆ ಇರುತ್ತವೆ. ಹೀಗಾಗಿ ಪಠ್ಯ ತಿದ್ದುವ ಸರಳ ಸಾಧನಗಳು ಅದರೊಳಗೆ ನೇರವಾಗಿ ಕೈಯಾಡಿಸಲಾರವು.

ಇದಕ್ಕೆ ವಿರುದ್ಧವಾದದ್ದು ‘ಸಿಎಸ್‌ವಿ’ ಕಡತ. ಅದರಲ್ಲಿ ಬಣ್ಣವಿಲ್ಲ, ಸೂತ್ರವಿಲ್ಲ, ಅಲಂಕಾರವಿಲ್ಲ. ಪಟ್ಟಿಯ ಒಂದು ಸಾಲಿಗೆ ಕಡತದಲ್ಲಿ ಒಂದು ಸಾಲು, ಒಂದು ಕಾಲಂನಿಂದ ಇನ್ನೊಂದನ್ನು ಬೇರ್ಪಡಿಸಲು ಅಲ್ಪವಿರಾಮ. ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ದಶಕಗಳಿಂದ ಬಳಕೆಯಲ್ಲಿದ್ದರೂ ಅದರ ನಿಯಮಗಳನ್ನು ಒಂದೆಡೆ ದಾಖಲಿಸಿದ ‘ಆರ್‌ಎಫ್‌ಸಿ 4180’ ಎಂಬ ಟಿಪ್ಪಣಿ ಪ್ರಕಟವಾದದ್ದು 2005ರಲ್ಲಿ. ಭಿನ್ನ ತಂತ್ರಾಂಶಗಳ ನಡುವೆ ಪಟ್ಟಿಗಳನ್ನು ಸಾಗಿಸಬೇಕಾದಾಗ ಇಂದಿಗೂ ಹೆಚ್ಚಾಗಿ ನೆಚ್ಚುವುದು ಈ ಸರಳ ರೂಪವನ್ನೇ.

ಆದ್ದರಿಂದ ಮೊದಲ ಹೆಜ್ಜೆ ಪಟ್ಟಿಯನ್ನು ಸಿಎಸ್‌ವಿ ರೂಪಕ್ಕೆ ತರುವುದು. ಎಕ್ಸೆಲ್‌ನಲ್ಲಿಯೇ ಇದಕ್ಕೆ ಆಯ್ಕೆಯಿದೆ. ನೂರು ಕಡತಗಳಿದ್ದರೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ತಂತ್ರಾಂಶವನ್ನು ಪರದೆಯ ಮೇಲೆ ತೆರೆಯದೆಯೇ, ಒಂದೇ ಆದೇಶದಿಂದ ಎಲ್ಲವನ್ನೂ ಪರಿವರ್ತಿಸುವಂತೆ ನಡೆಸಬಹುದು. ಇಲ್ಲಿ ಎರಡು ಸಂಗತಿ ನೆನಪಿರಬೇಕು. ಸಿಎಸ್‌ವಿಯಾಗಿ ಉಳಿಸುವಾಗ ಎಕ್ಸೆಲ್ ತೆರೆದಿರುವ ಒಂದು ಹಾಳೆಯನ್ನು ಮಾತ್ರ ಉಳಿಸುತ್ತದೆ. ಮತ್ತು ಸೂತ್ರಗಳು ಹೋಗಿ ಅವುಗಳ ಉತ್ತರ ಮಾತ್ರ ಉಳಿಯುತ್ತದೆ. ಆದ್ದರಿಂದ ಮೂಲ ಎಕ್ಸೆಲ್ ಕಡತವನ್ನು ಮುಟ್ಟದೆ ಬದಿಗಿಡುವುದು ಅನಿವಾರ್ಯ.

ಕೇಳದೆ ತಿದ್ದುವ ಜಾಣತನ

ಎಕ್ಸೆಲ್‌ನಲ್ಲಿಯೇ ‘ಹುಡುಕಿ ಬದಲಿಸು’ ಎಂಬ ಸೌಲಭ್ಯವಿರುವಾಗ ಬೇರೆ ದಾರಿ ಏಕೆ ಎಂಬ ಪ್ರಶ್ನೆ ಸಹಜ. ಒಂದೇ ಕಡತ, ಒಂದೇ ಸಲದ ಕೆಲಸವಾದರೆ ಅದು ಸಾಕು. ತೊಡಕು ಉಂಟಾಗುವುದು ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದು ಮತ್ತೆ ಉಳಿಸಿದಾಗ. ಯಾವ ಚೌಕದಲ್ಲಿ ಏನಿದೆ ಎಂದು ತಾನೇ ಊಹಿಸುವ ಅಭ್ಯಾಸ ಈ ತಂತ್ರಾಂಶಕ್ಕಿದೆ. ಅಂಕಿಗಳಷ್ಟೇ ಕಂಡರೆ ಅದನ್ನು ಸಂಖ್ಯೆಯೆಂದು ಭಾವಿಸುತ್ತದೆ. ಸಂಖ್ಯೆಯೆಂದ ಮೇಲೆ ಮುಂದಿನ ಸೊನ್ನೆಗೆ ಬೆಲೆಯಿಲ್ಲ. ಹೀಗೆ ಸೊನ್ನೆಯಿಂದ ಆರಂಭವಾಗುವ ಖಾತೆ ಸಂಖ್ಯೆ ತನ್ನ ತಲೆಯನ್ನೇ ಕಳೆದುಕೊಳ್ಳುತ್ತದೆ.

ಉದ್ದನೆಯ ಸಂಖ್ಯೆಗಳ ಪಾಡು ಇನ್ನೂ ಕಷ್ಟ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ನೆನಪಿಡುತ್ತದೆ. 16 ಅಂಕಿಗಳ ಸಂಖ್ಯೆ ಬರೆದರೆ ಕೊನೆಯದು ಸೊನ್ನೆಯಾಗುತ್ತದೆ. 12 ಅಂಕಿಗಳ ಆಧಾರ್ ಸಂಖ್ಯೆ ಪರದೆಯ ಮೇಲೆ ದಶಾಂಶ ಬಿಂದು ಮತ್ತು ‘ಇ’ ಅಕ್ಷರ ಹೊತ್ತ ವೈಜ್ಞಾನಿಕ ರೂಪದಲ್ಲಿ ಕಾಣಿಸುವುದನ್ನು ಹಲವರು ಗಮನಿಸಿರಬಹುದು. ಕಾಣುವುದಷ್ಟೇ ಆದರೆ ತೊಂದರೆಯಿಲ್ಲ. ಆದರೆ ಅದೇ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಉಳಿಸಿದರೆ ಕಡತದಲ್ಲಿ ಉಳಿಯುವುದು ಕಂಡ ರೂಪವೇ. ಕೊನೆಯ ಅಂಕಿಗಳು ಮರಳಿ ಬಾರವು.

ಇದು ಕೇವಲ ಕಚೇರಿಗಳ ಗೋಳಲ್ಲ. ಮಾನವ ವಂಶವಾಹಿಗಳಲ್ಲಿ ಕೆಲವಕ್ಕೆ ‘ಸೆಪ್ಟ್1’, ‘ಮಾರ್ಚ್1’ ಎಂಬ ಸಂಕ್ಷಿಪ್ತ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಎಂಬ ದಿನಾಂಕಗಳೆಂದು ತಿಳಿದು ಬದಲಾಯಿಸುತ್ತಿತ್ತು. ಎಕ್ಸೆಲ್ ಪಟ್ಟಿ ಲಗತ್ತಿಸಿದ ವಂಶವಾಹಿ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಇಂತಹ ದೋಷ ಸೇರಿದೆಯೆಂದು ‘ಜಿನೋಮ್ ಬಯಾಲಜಿ’ ಪತ್ರಿಕೆಯಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೊನೆಗೆ ಸೋತವರು ವಿಜ್ಞಾನಿಗಳೇ. ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಅವುಗಳ ಹೆಸರನ್ನೇ ‘ಸೆಪ್ಟಿನ್1’, ‘ಮಾರ್ಚ್‌ಎಫ್1’ ಎಂದು ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ಈ ತಾನೇತಾನಾದ ಬದಲಾವಣೆಯನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ ಒದಗಿಸಿದ್ದು 2023ರಲ್ಲಿ.

ಕೈ ತಿದ್ದುಪಡಿಯ ಮತ್ತೊಂದು ಅಪಾಯ ವಿಂಗಡಣೆಯದು. ಹೆಸರಿನ ಕಾಲಂ ಒಂದನ್ನೇ ಆಯ್ದು ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಸ್ಥಾನ ಬದಲಿಸುತ್ತವೆ, ಪಕ್ಕದ ಖಾತೆ ಸಂಖ್ಯೆಗಳು ಇದ್ದಲ್ಲಿಯೇ ಉಳಿಯುತ್ತವೆ. ಎಕ್ಸೆಲ್ ಹೀಗಾಗದಂತೆ ಒಮ್ಮೆ ಎಚ್ಚರಿಸುತ್ತದೆ ನಿಜ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ತಿಂಗಳ ಕೊನೆಯ ದಿನ ಪಟ್ಟಿ ತಯಾರಿಸುವವರಿಗೂ ಅನ್ವಯಿಸುತ್ತದೆ. ಎಚ್ಚರಿಕೆಯ ಪೆಟ್ಟಿಗೆಯನ್ನು ಓದದೆ ಒತ್ತಿದ ಒಂದು ಗುಂಡಿ ಇಡೀ ಪಟ್ಟಿಯನ್ನು ಕಲಸಿಬಿಡಬಲ್ಲದು. ಕಡತ ಉಳಿಸಿ ಮುಚ್ಚಿದ ಮೇಲೆ ಏನಾಯಿತೆಂದು ತಿಳಿಯುವ ದಾರಿಯೂ ಇರುವುದಿಲ್ಲ.

ಸ್ಪ್ರೆಡ್‌ಶೀಟಿಗಿಂತ ಹಳೆಯ ಸಾಧನಗಳು

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ರೂಪುಗೊಂಡಾಗ ಅದರೊಂದಿಗೆ ಪಠ್ಯ ಸಂಸ್ಕರಣೆಯ ಹಲವು ಸಣ್ಣ ಸಾಧನಗಳೂ ಹುಟ್ಟಿದವು. ಒಂದು ಸಾಧನ ಒಂದೇ ಕೆಲಸವನ್ನು ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು ಎಂಬುದು ಅವರ ಧೋರಣೆ. ಬೇಕಾದ ಪದವಿರುವ ಸಾಲುಗಳನ್ನು ಹೆಕ್ಕಿ ಕೊಡುವುದು ‘ಗ್ರೆಪ್’. ಹರಿದುಬರುವ ಪಠ್ಯದಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದು ‘ಸೆಡ್’. ಸಾಲನ್ನು ಕಾಲಂಗಳಾಗಿ ಒಡೆದು, ಲೆಕ್ಕ ಮಾಡಿ, ಷರತ್ತು ಹಾಕಿ ಬದಲಾಯಿಸುವುದು ‘ಆಕ್’. ಒಂದು ಸಾಧನದ ಫಲವನ್ನು ಮತ್ತೊಂದರ ಬಾಯಿಗೆ ಹರಿಸುವ ‘ಪೈಪ್’ ಎಂಬ ಕೊಳವೆ ವ್ಯವಸ್ಥೆ 1973ರಲ್ಲಿ ಯುನಿಕ್ಸ್ ಸೇರಿತು.

ಆಕ್ ಎಂಬ ಹೆಸರು ಅದನ್ನು 1977ರಲ್ಲಿ ರೂಪಿಸಿದ ಆಲ್‌ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್ ಮತ್ತು ಬ್ರಯಾನ್ ಕರ್ನಿಘನ್ ಅವರ ಹೆಸರಿನ ಮೊದಲ ಅಕ್ಷರಗಳಿಂದ ಬಂದದ್ದು. ಮೊದಲ ಜನಪ್ರಿಯ ಸ್ಪ್ರೆಡ್‌ಶೀಟ್ ಆದ ವಿಸಿಕ್ಯಾಲ್ಕ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಅಂದರೆ ಪಟ್ಟಿ ತಿದ್ದುವ ಈ ಸಾಧನ ಸ್ಪ್ರೆಡ್‌ಶೀಟಿಗಿಂತಲೂ ಹಿರಿಯ.

ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಈ ಸಾಧನಗಳು ಮೊದಲೇ ಇರುತ್ತವೆ. ಕಚೇರಿಗಳಲ್ಲಿ ಹೆಚ್ಚಾಗಿರುವ ವಿಂಡೋಸ್ ಗಣಕಗಳಲ್ಲಿ ‘ಪವರ್‌ಶೆಲ್’ ಎಂಬ ಆದೇಶ ವ್ಯವಸ್ಥೆ ಇದೆ. ಅದರ ‘ಇಂಪೋರ್ಟ್ ಸಿಎಸ್‌ವಿ’ ಎಂಬ ಆದೇಶ ಪಟ್ಟಿಯನ್ನು ಓದಿ ಕಾಲಂಗಳನ್ನು ಅವುಗಳ ಹೆಸರಿನಿಂದಲೇ ಗುರುತಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇವು ಯಾವುವೂ ಚೌಕದಲ್ಲಿರುವುದನ್ನು ಸಂಖ್ಯೆಯೋ ದಿನಾಂಕವೋ ಎಂದು ಊಹಿಸಿ ತಿದ್ದಲು ಹೋಗುವುದಿಲ್ಲ. ಇದ್ದದ್ದನ್ನು ಅಕ್ಷರಗಳ ಸರಣಿಯೆಂದೇ ಓದಿ, ಹೇಳಿದಷ್ಟನ್ನು ಮಾತ್ರ ಬದಲಿಸುತ್ತವೆ. ಮುಂದಿನ ಸೊನ್ನೆ ಹಾಗೆಯೇ ಉಳಿಯುತ್ತದೆ.

ಸೂತ್ರವಿರುವ ತಿದ್ದುಪಡಿ

ಐಎಫ್‌ಎಸ್‌ಸಿಯಲ್ಲಿ 11 ಸ್ಥಾನಗಳಿವೆ. ಮೊದಲ ನಾಲ್ಕು ಅಕ್ಷರಗಳು ಬ್ಯಾಂಕನ್ನು, ಕೊನೆಯ ಆರು ಸ್ಥಾನಗಳು ಶಾಖೆಯನ್ನು ಸೂಚಿಸುತ್ತವೆ. ನಡುವಿನ ಐದನೆಯದು ಸೊನ್ನೆ. ಸಿಂಡಿಕೇಟ್ ಶಾಖೆಗಳಿಗೆ ಹೊಸ ಸಂಕೇತ ಕೊಡುವಾಗ ಕೆನರಾ ಬ್ಯಾಂಕ್ ಸುಲಭದ ಸೂತ್ರವೊಂದನ್ನು ಅನುಸರಿಸಿತು. ಬ್ಯಾಂಕಿನ ಅಕ್ಷರಗಳು ‘ಸಿಎನ್‌ಆರ್‌ಬಿ’ ಆದವು, ಶಾಖೆಯ ಸಂಖ್ಯೆಗೆ 10,000 ಸೇರಿತು. ‘ಎಸ್‌ವೈಎನ್‌ಬಿ0001234’ ಎಂಬ ರೂಪದ ಸಂಕೇತ ‘ಸಿಎನ್‌ಆರ್‌ಬಿ0011234’ ಆಯಿತು. ಎಂದರೆ, ‘ಎಸ್‌ವೈಎನ್‌ಬಿ’ ಮತ್ತು ಅದರ ಬೆನ್ನಿಗಿರುವ ಮೂರು ಸೊನ್ನೆಗಳ ಜಾಗದಲ್ಲಿ ‘ಸಿಎನ್‌ಆರ್‌ಬಿ’, ಎರಡು ಸೊನ್ನೆ ಮತ್ತು ಒಂದು ಎಂದು ಬರೆದರೆ ಮುಗಿಯಿತು. ಸೆಡ್ ಸಾಧನಕ್ಕೆ ಇದು ಒಂದೇ ಸಾಲಿನ ಆದೇಶ.

ಆದರೆ ಆ ಒಂದು ಸಾಲಿನ ಹಿಂದೆ ಮುಂದೆ ಮಾಡುವ ಕೆಲಸವೇ ಹೆಚ್ಚು ಮುಖ್ಯ. ಮೂರು ಸಾವಿರ ನೌಕರರ ಪಟ್ಟಿಯೊಂದನ್ನು ಕಲ್ಪಿಸಿಕೊಳ್ಳಬಹುದು. ಮೊದಲು ಒಟ್ಟು ಸಾಲುಗಳೆಷ್ಟು ಎಂದು ಎಣಿಸಬೇಕು. ನಂತರ ಹಳೆಯ ಸಂಕೇತವಿರುವ ಸಾಲುಗಳೆಷ್ಟು ಎಂದು ಗ್ರೆಪ್‌ನಿಂದ ತಿಳಿಯಬೇಕು. ಅದು 412 ಎಂದುಕೊಂಡರೆ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮೊತ್ತದ ಕಾಲಂನ ಒಟ್ಟು ಕೂಡುವಿಕೆಯನ್ನು ಆಕ್‌ನಿಂದ ಪಡೆಯಬೇಕು. ಇಷ್ಟಾದ ಮೇಲೆ ತಿದ್ದುಪಡಿಯ ಆದೇಶ ಕೊಟ್ಟು, ಫಲಿತಾಂಶವನ್ನು ಬೇರೆ ಹೆಸರಿನ ಹೊಸ ಕಡತಕ್ಕೆ ಬರೆಸಬೇಕು.

ಈಗ ತಾಳೆ ನೋಡುವ ಸರದಿ. ಹೊಸ ಕಡತದಲ್ಲೂ ಅಷ್ಟೇ ಸಾಲುಗಳಿರಬೇಕು. ಹಳೆಯ ಸಂಕೇತ ಒಂದೂ ಉಳಿದಿರಬಾರದು. ಮೊತ್ತದ ಕೂಡುವಿಕೆ ಪೈಸೆಯೂ ಬದಲಾಗಿರಬಾರದು. ಕೊನೆಯದಾಗಿ, ಎರಡು ಕಡತಗಳ ವ್ಯತ್ಯಾಸ ತೋರಿಸುವ ‘ಡಿಫ್’ ಎಂಬ ಸಾಧನ ನಿಖರವಾಗಿ 412 ಸಾಲುಗಳನ್ನೇ ತೋರಿಸಬೇಕು. 411 ಆದರೂ, 413 ಆದರೂ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಕೈಯಿಂದ ತಿದ್ದಿದ ಪಟ್ಟಿಗೆ ಇಷ್ಟು ಕಟ್ಟುನಿಟ್ಟಿನ ಪರಿಶೀಲನೆ ಮಾಡಲು ದಿನಗಟ್ಟಲೆ ಹಿಡಿಯುತ್ತದೆ. ಇಲ್ಲಿ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ.

ಈ ಎಲ್ಲ ಆದೇಶಗಳನ್ನು ಒಂದು ಪಠ್ಯ ಕಡತದಲ್ಲಿ ಕ್ರಮವಾಗಿ ಬರೆದಿಟ್ಟರೆ ಅದೇ ‘ಸ್ಕ್ರಿಪ್ಟ್’. ಮುಂದಿನ ತಿಂಗಳು ಮತ್ತೊಂದು ವಿಭಾಗದಿಂದ ಹಳೆಯ ಸಂಕೇತಗಳಿರುವ ಪಟ್ಟಿ ಬಂದರೆ ಅದನ್ನೇ ಮತ್ತೆ ನಡೆಸಬಹುದು. ಕೆಲಸ ಮಾಡಿದವರು ವರ್ಗವಾಗಿ ಹೋದರೂ ಏನು ಮಾಡಲಾಯಿತು ಎಂಬುದನ್ನು ನಂತರ ಬಂದವರು ಓದಿ ತಿಳಿಯಬಹುದು. ಲೆಕ್ಕ ತಪಾಸಣೆಯವರು ಕೇಳಿದರೆ ತೋರಿಸಬಹುದು. ಸಭೆಗೆ ನಡಾವಳಿ ಪುಸ್ತಕ ಹೇಗೋ ತಿದ್ದುಪಡಿಗೆ ಸ್ಕ್ರಿಪ್ಟ್ ಹಾಗೆ.

ಸೂತ್ರವಿಲ್ಲದ ತಿದ್ದುಪಡಿ

ಎಲ್ಲ ವಿಲೀನಗಳೂ ಇಷ್ಟು ಸರಳವಾಗಿರಲಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದರ ಹಳೆಯ ಐಎಫ್‌ಎಸ್‌ಸಿಗಳು 2021ರ ಮಾರ್ಚ್ 1ರಿಂದ ನಿಂತವು. ಹಳೆಯ ಸಂಕೇತದಲ್ಲಿ ಶಾಖೆಗೆ ಅಂಕಿಗಳಿದ್ದವು, ಹೊಸದರಲ್ಲಿ ‘ವಿಜೆ’ ಎಂಬ ಗುರುತಿನ ಬಳಿಕ ಶಾಖೆಯನ್ನು ಸೂಚಿಸುವ ಅಕ್ಷರಗಳು ಬಂದವು. ಅಂಕಿಯಿಂದ ಅಕ್ಷರವನ್ನು ಊಹಿಸುವ ಸೂತ್ರ ಯಾವುದೂ ಇಲ್ಲ. ಬ್ಯಾಂಕ್ ಕೊಟ್ಟ ಹಳತು ಹೊಸತುಗಳ ಜೋಡಿಪಟ್ಟಿಯನ್ನು ನೋಡಿಯೇ ಬದಲಿಸಬೇಕು.

ಇಂತಹ ಕಡೆ ಸೆಡ್ ಸಾಲದು, ಆಕ್ ಬೇಕು. ಅದು ಮೊದಲು ಜೋಡಿಪಟ್ಟಿಯನ್ನು ಓದಿ, ಇಂತಹ ಹಳೆಯ ಸಂಕೇತಕ್ಕೆ ಇಂತಹ ಹೊಸದು ಎಂದು ನೆನಪಿನಲ್ಲಿ ಜೋಡಿಸಿಟ್ಟುಕೊಳ್ಳುತ್ತದೆ. ನಂತರ ಸಂಬಳದ ಪಟ್ಟಿಯನ್ನು ಸಾಲುಸಾಲಾಗಿ ಓದುತ್ತ, ಐಎಫ್‌ಎಸ್‌ಸಿ ಕಾಲಂನಲ್ಲಿ ಹಳೆಯದು ಕಂಡಲ್ಲಿ ಹೊಸದನ್ನು ಇಡುತ್ತದೆ. ಜೋಡಿಪಟ್ಟಿಯಲ್ಲಿ ಸಿಗದ ಸಂಕೇತ ಎದುರಾದರೆ ಏನು ಮಾಡಬೇಕೆಂಬುದನ್ನು ಬರೆಯುವವರೇ ನಿರ್ಧರಿಸಬೇಕು. ಸುಮ್ಮನೆ ದಾಟಿಹೋಗುವಂತೆ ಬರೆದರೆ ಆ ನೌಕರರ ಸಂಬಳ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಸಾಲುಗಳನ್ನು ಪ್ರತ್ಯೇಕ ಕಡತಕ್ಕೆ ಬರೆಸಿ, ಅಷ್ಟನ್ನು ಮಾತ್ರ ಮನುಷ್ಯರು ಕುಳಿತು ನೋಡುವುದು ಸರಿಯಾದ ಕ್ರಮ.

ಕಾಲಂ ಎಣಿಸುವಲ್ಲಿಯೂ ಒಂದು ಗುಂಡಿಯಿದೆ. ಹೆಸರಿನ ಚೌಕದಲ್ಲಿ ‘ರಾವ್, ಕೆ.’ ಎಂದಿದ್ದರೆ ಅದರೊಳಗೂ ಅಲ್ಪವಿರಾಮವಿದೆ. ಸಿಎಸ್‌ವಿ ನಿಯಮದಂತೆ ಅಂತಹ ಚೌಕವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಲಾಗುತ್ತದೆ. ಆದರೆ ಹಳೆಯ ಆಕ್ ಆ ಚಿಹ್ನೆಗೆ ಮರ್ಯಾದೆ ಕೊಡದೆ ಅಲ್ಪವಿರಾಮ ಕಂಡಲ್ಲೆಲ್ಲ ಒಡೆಯುತ್ತದೆ. ಆ ಒಂದು ಸಾಲಿನಲ್ಲಿ ಖಾತೆ ಸಂಖ್ಯೆ ಐಎಫ್‌ಎಸ್‌ಸಿಯ ಸ್ಥಾನಕ್ಕೆ ಸರಿದುಬಿಡುತ್ತದೆ. ಈ ಕೊರತೆ ನೀಗಿದ್ದು ತೀರ ಇತ್ತೀಚೆಗೆ. ಕರ್ನಿಘನ್ ಮತ್ತು ಸಂಗಡಿಗರ ಆಕ್ ಪುಸ್ತಕದ ಎರಡನೆಯ ಆವೃತ್ತಿ 2023ರಲ್ಲಿ ಹೊರಬಂದಾಗ, ಸಿಎಸ್‌ವಿಯನ್ನು ನಿಯಮಬದ್ಧವಾಗಿ ಓದುವ ಹೊಸ ಆಯ್ಕೆಯೂ ಆ ಸಾಧನಕ್ಕೆ ಸೇರಿತ್ತು. ಹಳೆಯ ಆವೃತ್ತಿ ಬಳಸುವವರು ಪ್ರತಿ ಸಾಲಿನಲ್ಲೂ ಕಾಲಂಗಳ ಸಂಖ್ಯೆ ಒಂದೇ ಇದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಪವರ್‌ಶೆಲ್ ಮತ್ತು ಪೈಥಾನ್ ಭಾಷೆಯ ಸಿಎಸ್‌ವಿ ಘಟಕಗಳಿಗೆ ಈ ತೊಡಕಿಲ್ಲ.

ಕನ್ನಡದ ಕಗ್ಗಂಟು

ಪಟ್ಟಿಯಲ್ಲಿ ಹೆಸರುಗಳು ಕನ್ನಡದಲ್ಲಿದ್ದರೆ ಇನ್ನೊಂದು ಪದರದ ಎಚ್ಚರ ಬೇಕಾಗುತ್ತದೆ. ಯುನಿಕೋಡ್ ಪಠ್ಯವನ್ನು ‘ಯುಟಿಎಫ್-8’ ರೂಪದಲ್ಲಿ ಉಳಿಸಿದ ಸಿಎಸ್‌ವಿ ಕಡತ ನೋಟ್‌ಪ್ಯಾಡಿನಲ್ಲಿ ಚೆನ್ನಾಗಿ ಕಂಡರೂ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುದುಂಟು. ಕಡತದ ಮೊದಲಲ್ಲಿ ‘ಬಿಒಎಂ’ ಎಂಬ ಮೂರು ಬೈಟ್‌ಗಳ ಅಗೋಚರ ಗುರುತು ಇದ್ದರೆ ಎಕ್ಸೆಲ್ ಕನ್ನಡವನ್ನು ಸರಿಯಾಗಿ ಓದುತ್ತದೆ. ಆದರೆ ಅದೇ ಗುರುತು ಸ್ಕ್ರಿಪ್ಟಿಗೆ ಮುಳ್ಳಾಗುತ್ತದೆ. ಮೊದಲ ಕಾಲಂನ ಶೀರ್ಷಿಕೆಗೆ ಅದು ಅಂಟಿಕೊಂಡಿರುವುದರಿಂದ ‘ಹೆಸರು’ ಎಂಬ ಕಾಲಂ ಕಣ್ಣೆದುರೇ ಇದ್ದರೂ ಸ್ಕ್ರಿಪ್ಟಿಗೆ ಸಿಗುವುದಿಲ್ಲ.

ವಿಂಡೋಸ್ ಜತೆ ಬರುವ ಪವರ್‌ಶೆಲ್ 5.1 ಆವೃತ್ತಿಯಲ್ಲಿ ಅಪಾಯ ಇನ್ನೂ ದೊಡ್ಡದು. ಅದರ ‘ಎಕ್ಸ್‌ಪೋರ್ಟ್ ಸಿಎಸ್‌ವಿ’ ಆದೇಶಕ್ಕೆ ಲಿಪಿ ಸಂಕೇತ ಯಾವುದೆಂದು ಹೇಳದಿದ್ದರೆ ಇಂಗ್ಲಿಷ್ ಅಕ್ಷರಗಳಷ್ಟನ್ನೇ ಬಲ್ಲ ‘ಆಸ್ಕಿ’ಯಲ್ಲಿ ಬರೆಯುತ್ತದೆ. ಕನ್ನಡದ ಅಕ್ಷರಗಳೆಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಮೂಲ ಕಡತ ಬೇರೆ ಇಲ್ಲದಿದ್ದರೆ ಹೆಸರುಗಳು ಹೋದಂತೆಯೇ. ಆರನೆಯ ಆವೃತ್ತಿಯಿಂದ ಈಚೆಗೆ ಯುಟಿಎಫ್-8 ರೂಢಿಯಾಗಿರುವುದರಿಂದ ಸಮಸ್ಯೆ ಬಗೆಹರಿದಿದೆ. ಆದರೆ ಅದನ್ನು ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕು.

ಕಣ್ಣಿಗೆ ಒಂದೇ ರೀತಿ ಕಾಣುವ ಪದಗಳು ಗಣಕದ ಪಾಲಿಗೆ ಬೇರೆಬೇರೆ ಆಗಿರಬಹುದೆಂಬುದನ್ನೂ ಗಮನಿಸಬೇಕು. ‘ಶೋಭಾ’ ಎಂಬ ಹೆಸರಿನ ಓಕಾರ ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇರಬಹುದು, ಒಕಾರ ಮತ್ತು ದೀರ್ಘದ ಗುರುತು ಸೇರಿದ ಜೋಡಿಯಾಗಿಯೂ ಇರಬಹುದು. ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಚಿಹ್ನೆಯೊಂದಿದೆ. ಒಂದು ಪಟ್ಟಿಯಲ್ಲಿ ಒಂದು ರೂಪ, ಇನ್ನೊಂದರಲ್ಲಿ ಮತ್ತೊಂದು ರೂಪವಿದ್ದರೆ ಎರಡೂ ತಾಳೆಯಾಗವು. ಇನ್ನು ನುಡಿ, ಬರಹದಂತಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ನಿಜವಾಗಿ ಇರುವುದು ಕನ್ನಡದ ವೇಷ ಹಾಕಿದ ಲ್ಯಾಟಿನ್ ಅಕ್ಷರಗಳು. ಅವನ್ನು ಪರಿವರ್ತಕದ ಮೂಲಕ ಯುನಿಕೋಡಿಗೆ ತಂದ ನಂತರವೇ ಮುಂದಿನ ಕೆಲಸ. ಆದ್ದರಿಂದಲೇ ಎರಡು ಪಟ್ಟಿಗಳನ್ನು ಹೆಸರಿನ ಮೇಲೆ ಎಂದಿಗೂ ಜೋಡಿಸಬಾರದು. ನೌಕರರ ಸಂಖ್ಯೆಯಂತಹ ಬದಲಾಗದ ಗುರುತೊಂದರ ಮೇಲೆಯೇ ಜೋಡಿಸಬೇಕು.

ಎಣಿಸದ ಯಂತ್ರ

ಸ್ವಯಂಚಾಲಿತವಾದದ್ದೆಲ್ಲ ಸುರಕ್ಷಿತ ಎಂಬ ಭ್ರಮೆಯನ್ನು ಹರಿದದ್ದು 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಕರಣ. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಪ್ರಯೋಗಾಲಯಗಳಿಂದ ಸಿಎಸ್‌ವಿ ಕಡತಗಳಾಗಿಯೇ ಬರುತ್ತಿದ್ದವು. ಅವನ್ನು ಅಲ್ಲಿನ ಅಂದಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ತಾನೇತಾನಾಗಿ ಎಕ್ಸೆಲ್‌ನ ಹಳೆಯ ‘ಎಕ್ಸ್‌ಎಲ್‌ಎಸ್’ ರೂಪದ ಕಡತಗಳಿಗೆ ತುಂಬಿಸುವ ವ್ಯವಸ್ಥೆ ಮಾಡಿಕೊಂಡಿತ್ತು. ಆ ಹಳೆಯ ರೂಪದಲ್ಲಿ ಹಿಡಿಸುವುದು 65,536 ಸಾಲುಗಳು ಮಾತ್ರ. 2007ರಿಂದ ಬಳಕೆಗೆ ಬಂದ ಹೊಸ ರೂಪದಲ್ಲಿ 10,48,576 ಸಾಲುಗಳಿಗೆ ಜಾಗವಿದೆ. ಒಬ್ಬ ವ್ಯಕ್ತಿಯ ಫಲಿತಾಂಶಕ್ಕೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಕಡತ ಸುಮಾರು 1,400 ಪ್ರಕರಣಗಳಿಗೇ ತುಂಬುತ್ತಿತ್ತು ಎಂದು ಬಿಬಿಸಿ ವರದಿ ಮಾಡಿತ್ತು. ಸೋಂಕು ಏರಿದಂತೆ ಕಡತ ತುಂಬಿತು, ಉಳಿದ ಸಾಲುಗಳು ಸದ್ದಿಲ್ಲದೆ ಹೊರಗುಳಿದವು.

ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ ದಿನಗಳಲ್ಲಿ ಹೀಗೆ ಬಿಟ್ಟುಹೋದವರ ಸಂಖ್ಯೆ 15,841. ಅದು ಆ ಅವಧಿಯ ಪ್ರಕರಣಗಳ ಐದನೆಯ ಒಂದು ಪಾಲು. ಸೋಂಕಿತರಿಗೆ ತಮ್ಮ ಫಲಿತಾಂಶ ತಲುಪಿತ್ತು. ತಲುಪದೇ ಹೋದದ್ದು ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸಬೇಕಿದ್ದ ತಂಡಕ್ಕೆ. ಇದರ ಪರಿಣಾಮವನ್ನು ವಾರ್ವಿಕ್ ವಿಶ್ವವಿದ್ಯಾಲಯದ ಥೀಮೊ ಫೆಟ್ಜರ್ ಮತ್ತು ಹಾರ್ವರ್ಡ್‌ನ ಥಾಮಸ್ ಗ್ರೇಬರ್ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ತಪ್ಪಿಹೋದ ಪ್ರಕರಣಗಳಿಗೆ ಹೋಲಿಸಿದರೆ, ಸಕಾಲದಲ್ಲಿ ಸಂಪರ್ಕ ಪತ್ತೆಯಾದ ಪ್ರಕರಣಗಳಿಂದ ಮುಂದಿನ ಆರು ವಾರಗಳಲ್ಲಿ ಹುಟ್ಟಿದ ಹೊಸ ಸೋಂಕು ಶೇ. 63ರಷ್ಟು, ಸಾವು ಶೇ. 66ರಷ್ಟು ಕಡಿಮೆ ಎಂಬುದು ಅವರ ಅಂದಾಜು. ಕಡತದಿಂದ ಬಿದ್ದುಹೋದ ಸಾಲುಗಳ ಬೆಲೆಯನ್ನು ಮನುಷ್ಯರು ತೆತ್ತರು.

ಅಲ್ಲಿ ಯಾರೂ ಕೈಯಿಂದ ತಪ್ಪು ತಿದ್ದಿರಲಿಲ್ಲ. ಯಂತ್ರವೇ ಕೆಲಸ ಮಾಡಿತ್ತು. ಇಲ್ಲದೇ ಹೋದದ್ದು ಒಂದೇ ಒಂದು ಪರೀಕ್ಷೆ. ಒಳಬಂದ ಸಾಲುಗಳೆಷ್ಟು, ಹೊರಹೋದ ಸಾಲುಗಳೆಷ್ಟು ಎಂದು ಎಣಿಸಿ, ಎರಡೂ ಸರಿಹೊಂದದಿದ್ದರೆ ನಿಂತು ಕೂಗುವ ಒಂದು ಆದೇಶ ಅಲ್ಲಿದ್ದಿದ್ದರೆ ದೋಷ ಮೊದಲ ದಿನವೇ ಬಯಲಾಗುತ್ತಿತ್ತು.

ಕೆಲವು ಕಟ್ಟುಪಾಡುಗಳು

ಹೊಸದಾಗಿ ಈ ದಾರಿ ಹಿಡಿಯುವವರು ಪಾಲಿಸಬೇಕಾದ ನಿಯಮಗಳು ಹೆಚ್ಚಿಲ್ಲ. ಮೂಲ ಕಡತವನ್ನು ಬೇರೆಡೆ ನಕಲಿಸಿ, ಅದನ್ನು ತಿದ್ದಲಾಗದಂತೆ ಬೀಗ ಹಾಕುವುದು ಮೊದಲನೆಯದು. ಯಾವ ಆದೇಶವೂ ತಾನು ಓದುತ್ತಿರುವ ಕಡತದ ಮೇಲೆಯೇ ಬರೆಯದಂತೆ ನೋಡಿಕೊಳ್ಳುವುದು ಎರಡನೆಯದು. ಕಮಾಂಡ್ ಲೈನ್‌ಗೆ ಹೊಸಬರು ಹೆಚ್ಚಾಗಿ ಬೀಳುವ ಹಳ್ಳ ಇದು. ಫಲಿತಾಂಶವನ್ನು ಅದೇ ಹೆಸರಿನ ಕಡತಕ್ಕೆ ಕಳುಹಿಸಿದರೆ ಗಣಕ ಮೊದಲು ಆ ಕಡತವನ್ನು ಖಾಲಿ ಮಾಡಿ, ನಂತರ ಓದಲು ಹೊರಡುತ್ತದೆ. ಓದಲು ಏನೂ ಉಳಿದಿರುವುದಿಲ್ಲ.

ಮೂರನೆಯದಾಗಿ, ಮೂರು ಸಾವಿರ ಸಾಲಿನ ಮೇಲೆ ಕೈಯಿಡುವ ಮೊದಲು ಹತ್ತು ಸಾಲುಗಳ ತುಣುಕಿನ ಮೇಲೆ ಪ್ರಯೋಗಿಸಬೇಕು. ಆ ಹತ್ತರಲ್ಲಿ ಅಲ್ಪವಿರಾಮವಿರುವ ಹೆಸರು, ಸೊನ್ನೆಯಿಂದ ಆರಂಭವಾಗುವ ಖಾತೆ, ಖಾಲಿ ಚೌಕ, ಕನ್ನಡದ ಒಂದು ಹೆಸರು ಇರುವಂತೆ ಬೇಕೆಂದೇ ಆರಿಸಬೇಕು. ನಾಲ್ಕನೆಯದಾಗಿ, ಬದಲಾವಣೆ ಬೇಕಾದ ಕಾಲಂಗೆ ಮಾತ್ರ ಸೀಮಿತವಾಗಿರಬೇಕು. ಷರಾ ಕಾಲಂನಲ್ಲಿ ಯಾರೋ ಬರೆದಿಟ್ಟ ಹಳೆಯ ಸಂಕೇತವೂ ಬದಲಾದರೆ ದಾಖಲೆಯ ಇತಿಹಾಸವೇ ತಿರುಚಿದಂತಾಗುತ್ತದೆ. ಕೊನೆಯದಾಗಿ, ತಿದ್ದಿದ ಸಿಎಸ್‌ವಿಯನ್ನು ಪರೀಕ್ಷಿಸಲೆಂದು ಎಕ್ಸೆಲ್‌ನಲ್ಲಿ ತೆರೆದರೆ ಅದನ್ನು ಉಳಿಸದೆ ಮುಚ್ಚಬೇಕು. ಎಕ್ಸೆಲ್ ರೂಪವೇ ಬೇಕಾದಲ್ಲಿ ಅದರ ‘ಡೇಟಾ’ ವಿಭಾಗದಿಂದ ಪಠ್ಯವನ್ನು ಒಳತಂದು, ಖಾತೆ ಸಂಖ್ಯೆಯ ಕಾಲಂ ಅನ್ನು ‘ಟೆಕ್ಸ್ಟ್’ ಎಂದು ಗುರುತಿಸಿದರೆ ಸೊನ್ನೆಗಳು ಉಳಿಯುತ್ತವೆ.

ಸ್ಕ್ರಿಪ್ಟ್ ಬರೆಯುವುದನ್ನು ಕಲಿಯಲು ಕೆಲವು ದಿನಗಳ ಅಭ್ಯಾಸ ಬೇಕು. ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳಿದರೆ ಇಂತಹ ಆದೇಶಗಳನ್ನು ಅವೇ ಬರೆದುಕೊಡುತ್ತವೆ. ಆದರೆ ನಿಜವಾದ ಖಾತೆ ಸಂಖ್ಯೆ, ಆಧಾರ್ ಸಂಖ್ಯೆಗಳಿರುವ ಪಟ್ಟಿಯನ್ನು ಅವಕ್ಕೆ ಒಪ್ಪಿಸದೆ ಕಾಲಂಗಳ ಹೆಸರನ್ನಷ್ಟೇ ತಿಳಿಸುವುದು ಒಳಿತು. ಆದೇಶವನ್ನು ಬರೆದುಕೊಟ್ಟವರು ಯಾರೇ ಇರಲಿ, ಮೊದಲಿನ ಎಣಿಕೆ ಮತ್ತು ನಂತರದ ಎಣಿಕೆಯನ್ನು ತಾಳೆ ನೋಡುವ ಹೊಣೆ ಪಟ್ಟಿಗೆ ಸಹಿ ಹಾಕುವವರದೇ. ತಿಂಗಳ ಮೊದಲ ದಿನ ಮೊಬೈಲಿಗೆ ಬರುವ ಜಮೆಯ ಸಂದೇಶಕ್ಕಾಗಿ ಕಾಯುವ ಪ್ರತಿಯೊಬ್ಬರೂ ಆ ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಆ ಸಾಲು ಬಿಟ್ಟುಹೋಗಿಲ್ಲ ಎಂದು ಅಂಕಿಯಿಂದ ತೋರಿಸಲು ಸಾಧ್ಯವಾದಾಗಲಷ್ಟೇ ಪಟ್ಟಿ ಬ್ಯಾಂಕಿಗೆ ಹೋಗಬೇಕು.